ಒತ್ತಬೇಕಾದವನು ನಾನು, ಒತ್ತಿದ್ದು ಮಾವ

ಕೀಬೋರ್ಡಿನ ಎಫ್ ಕೀ ಮೇಲೆ ಇನ್ನೂ ಮಿರ್ಚಿ ಎಣ್ಣೆ ಇದೆ. ಎರಡು ಸಲ ಒರೆಸಿದೆ. ಬೆರಳಿಟ್ಟರೆ ಜಾರುತ್ತೆ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಸೈಬರ್‌ಪಂಕ್ 2077 ಗೇಮ್‌ನಲ್ಲಿ ಸೋ ಮಿ ಅನ್ನೋ ಹುಡುಗಿಯನ್ನು ಸರ್ಕಾರಿ ಏಜೆಂಟ್ ರೀಡ್ ಕೈಗೆ ಕೊಟ್ಟಿದ್ದು ನಾನಲ್ಲ. ನಮ್ಮ ಮಾವ.

ಆ ಗೇಮ್‌ಗೆ ಆಮೇಲೆ ಸೇರಿಸಿದ ಕಥೆ ಫ್ಯಾಂಟಮ್ ಲಿಬರ್ಟಿ ಆಡಿದವರಿಗೆ ಇಷ್ಟು ಹೇಳಿದರೆ ಸಾಕು. ಆಡದವರಿಗೆ ಹೇಗೆ ಹೇಳಲಿ? ಗೇಮ್‌ನಲ್ಲಿ ಸೋ ಮಿನೂ ಸಾಯುತ್ತಿದ್ದಾಳೆ, ನಾನೂ ಸಾಯುತ್ತಿದ್ದೇನೆ. ಇಬ್ಬರಿಗೂ ಚಿಕಿತ್ಸೆ ಇದೆ ಅಂತ ಮೊದಲಿಂದ ನಂಬಿಸಿದವಳು, ಕೊನೇ ಗಳಿಗೆಯಲ್ಲಿ, ಒಬ್ಬರಿಗೆ ಮಾತ್ರ ಅಂತ ಬಾಯಿ ಬಿಡುತ್ತಾಳೆ. ಅವಳನ್ನು ಚಂದ್ರನಿಗೆ ಕಳಿಸಿದರೆ ಅವಳು ಉಳಿಯುತ್ತಾಳೆ. ರೀಡ್‌ಗೆ ಒಪ್ಪಿಸಿದರೆ ಸರ್ಕಾರ ನನಗೆ ಚಿಕಿತ್ಸೆ ಕೊಡಿಸುತ್ತೆ. ರೀಡ್ ಕೆಟ್ಟವನೂ ಅಲ್ಲ. ಆದರೆ ಅವನನ್ನು ಕೊಲ್ಲದೆ ಅವಳನ್ನು ದಾಟಿಸೋಕೆ ಆಗಲ್ಲ. ಇದನ್ನು ಎರಡು ನಿಮಿಷದಲ್ಲಿ ತೀರ್ಮಾನ ಮಾಡೋಕಾಗುತ್ತಾ?

ನಾನು ಅವಸರ ಮಾಡೋನಲ್ಲ. ಮೊದಲ ಸಲ ಆಡಿದಾಗ ನನಗೆ ಜೊತೆಯಾಗಿದ್ದ ಟಾಕೆಮುರಾನನ್ನು ದಾಳಿಯ ನಡುವೆ ಬಿಟ್ಟು ಓಡಿಬಿಟ್ಟಿದ್ದೆ. ಅವನು ಸತ್ತ, ನೀನು ನಡಿ ಅಂತ ಗೇಮ್‌ನಲ್ಲಿ ನನ್ನ ತಲೆಯೊಳಗಿರೋ ಜಾನಿ ಹೇಳಿದ, ನಾನು ನಂಬಿದೆ. ಮೇಲೆ ವಾಪಸ್ ಹೋಗಿದ್ದರೆ ಅವನು ಬದುಕುತ್ತಿದ್ದ ಅಂತ ಆಮೇಲೆ ಗೊತ್ತಾಯಿತು. ಅವತ್ತಿನಿಂದ ಯಾವ ಆಯ್ಕೆ ಬಂದರೂ ಕೈ ತೆಗೆದು ಸ್ವಲ್ಪ ಹೊತ್ತು ಕೂರುತ್ತೇನೆ.

2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಬಂದಾಗ ನನ್ನ ಹತ್ತಿರ ಪಿಸಿನೇ ಇರಲಿಲ್ಲ. ಫ್ಯಾಂಟಮ್ ಲಿಬರ್ಟಿ ಬಂದಿದ್ದು 2023ರ ಸೆಪ್ಟೆಂಬರ್. ಆಗಲೂ ಇರಲಿಲ್ಲ. ಗಂಗಾವತಿಯ ರೈಸ್ ಮಿಲ್‌ನಲ್ಲಿ ಲೆಕ್ಕ ಬರೆದು, ತಿಂಗಳು ತಿಂಗಳು ಎತ್ತಿಟ್ಟು ಪಿಸಿ ತಗೊಂಡವನು ನಾನು. ದಿನಾ ಊಟ ಆದ ಮೇಲೆ ಒಂದೂವರೆ ತಾಸು, ಅಷ್ಟೇ ಆಡೋದು. ಆ ಕಥೆಯಲ್ಲಿ ಬರೋ ಕೈಮೆರಾ ಅನ್ನೋ ದೊಡ್ಡ ಯಂತ್ರ ಬೀಳಿಸೋಕೇ ಮೂರು ರಾತ್ರಿ ಹಿಡಿಯಿತು. ಮೊನ್ನೆ ಸ್ಪೇಸ್‌ಪೋರ್ಟ್ ಕಾಳಗದಲ್ಲಿ ಹನ್ನೊಂದು ಸಲ ಸತ್ತೆ. ಗುಂಡು ಖಾಲಿ, ಗಾಯ ವಾಸಿ ಮಾಡೋ ಹೀಲ್ ಖಾಲಿ, ಮತ್ತೆ ಮೊದಲಿಂದ. ಹಾಗೆ ದಾಟಿಕೊಂಡು ಬಂದು ನಿಂತಿದ್ದೆ ಅಲ್ಲಿ.

ಇವತ್ತು ಭಾನುವಾರ. ಸಿಂಧನೂರಿನಿಂದ ಮಾವ ಬಂದಿದ್ದರು. ಅಕ್ಕ, ಭಾವ, ಪಕ್ಕದ ಮನೆಯವರು ಎಲ್ಲಾ ಸೇರಿದ್ದರು. ಅವ್ವ ಒಗ್ಗಾಣಿ, ಮಿರ್ಚಿ ಮಾಡಿದ್ದಳು. ನಾನು ಒಳಕೋಣೆಯಲ್ಲಿ ಇದ್ದೆ. ಮಾವ ಪ್ಲೇಟ್ ಹಿಡಿದುಕೊಂಡು ಬಂದು ನನ್ನ ಹೆಗಲ ಮೇಲಿಂದ ಬಗ್ಗಿದರು.

"ಏನಲೇ, ಹತ್ತು ನಿಮಿಷದಿಂದ ಅಲ್ಲೇ ನಿಂತೀಯಲ್ಲ?"

ಹೇಳಿದೆ. ಸುಮ್ನೆ ಇರಬೇಕಿತ್ತು, ಆದರೂ ಹೇಳಿದೆ. ಕೇಳುತ್ತಾರೆ ಅಂದುಕೊಂಡೆ. ನಿಜವಾಗಲೂ ಪೂರ್ತಿ ಹೇಳಿದೆ.

"ಸುಳ್ಳು ಹೇಳ್ಯಾಳಲ್ಲ? ಕೊಟ್ಟು ಬಿಡಲೇ ಅತ್ಲಾಗ."

ಅಷ್ಟೇ. ಪರದೆ ಮೇಲೆ ಎಫ್ ಅಂತ ಕಾಣುತ್ತಿತ್ತು. ಅದನ್ನು ಒತ್ತಿದರೆ ಆಯ್ಕೆ ಆದಂತೆ. ನಾನು ಎರಡು ಆಯ್ಕೆಯ ಸಾಲಿನ ನಡುವೆ ಮೇಲೆ ಕೆಳಗೆ ಮಾಡುತ್ತಾ, ಒಪ್ಪಿಸೋ ಸಾಲಿನ ಮೇಲೆ ನಿಲ್ಲಿಸಿದ್ದೆ. ಮಾವ ಎಣ್ಣೆ ಬೆರಳು ಚಾಚಿ ಒತ್ತಿದರು.

ನಾನು ಕೂಗಿದೆ. ಎಷ್ಟು ಜೋರಾಗಿ ಅಂದರೆ ಗಂಟಲು ಕಿತ್ತುಬಂತು. ಕಣ್ಣಲ್ಲಿ ನೀರೂ ಬಂತು, ಇಲ್ಲ ಅನ್ನಲ್ಲ. ಮಾವ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನಗೋಕೆ ಶುರು ಮಾಡಿದರು. "ಅಕ್ಕಾ, ಬಾ ಇಲ್ಲಿ! ನಿನ್ನ ಮಗ ಗೇಮಿನಾಗಿನ ಹುಡುಗಿ ಸಲುವಾಗಿ ಅಳಾಕತ್ತಾನ, ಬಾ ನೋಡು ಬಾ!"

ಎಲ್ಲರೂ ಬಂದರು. ಪ್ಲೇಟ್ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. ಭಾವ ನಕ್ಕರು. ಪಕ್ಕದ ಮನೆಯ ಆಂಟಿ, ವಯಸ್ಸೆಷ್ಟು ಈಗ ಇವನಿಗೆ ಅಂತ ಕೇಳಿದರು. ಇಪ್ಪತ್ತಾರು ಅಂತ ಅಕ್ಕ ಹೇಳಿದಳು. ಅವರೆಲ್ಲರ ಎದುರಿಗೇ ಪರದೆ ಮೇಲೆ ರೀಡ್ ಅವಳನ್ನು ಎತ್ತಿಕೊಂಡು ಹೋಗುತ್ತಿದ್ದ. ಒಬ್ಬರೂ ಅದನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಅಪ್ಪ ಮಾತ್ರ ನಗಲಿಲ್ಲ. ನೆಲ ನೋಡಿಕೊಂಡು ಹಿಂದಕ್ಕೆ ಹೋದರು. ಉಳಿದವರ ನಗು ತಡೆದುಕೊಂಡೆ, ಅದನ್ನು ತಡೆದುಕೊಳ್ಳೋಕಾಗಲಿಲ್ಲ.

ಬಿಡಿ, ಅವರಿಗೆ ಏನು ಗೊತ್ತು. ಬೇಕಂತ ಮಾಡಿದ್ದಲ್ಲ. ಮಾವ ಒಳ್ಳೆಯವರೇ, ಅಪ್ಪನ ಆಪರೇಷನ್‌ಗೆ ದುಡ್ಡು ಕೊಟ್ಟವರು ಅವರೇ.

ಇಲ್ಲ, ಯಾಕೆ ಬಿಡಬೇಕು? ಪಿಯುಸಿಗೆ ಸೈನ್ಸ್ ಬೇಡ, ಕಾಮರ್ಸ್ ತಗೊ ಅಂದಿದ್ದು ಮಾವ. ಬೆಂಗಳೂರಿಗೆ ಯಾಕೆ, ಮಿಲ್ ಇದೆಯಲ್ಲ ಅಂದಿದ್ದೂ ಮಾವ. ಆಗಲೂ ಹಿಂಗೇ, ನಾನು ಇನ್ನೂ ಯೋಚನೆ ಮಾಡುತ್ತಿದ್ದೆ. ಆ ಗೇಮ್‌ನಲ್ಲಿ ಜಾನಿ ನನ್ನ ತಲೆಯೊಳಗೇ ಕೂತಿರುತ್ತಾನೆ. ಮೊದಮೊದಲು ನನ್ನನ್ನು ಕೊಲ್ಲೋಕೆ ಬಂದವನು. ಅವನೂ ಒಂದು ಸಲ ನನ್ನ ಮೈ ತಗೊಳ್ಳೋ ಮುಂಚೆ ಕೇಳುತ್ತಾನೆ. ಕೇಳುತ್ತಾನೆ ರೀ!

ಹಳೇ ಸೇವ್ ಲೋಡ್ ಮಾಡು ಅಂತ ದಯವಿಟ್ಟು ಯಾರೂ ಹೇಳಬೇಡಿ. ಮಾಡಿದೆ. ಈಗ ರಾತ್ರಿ ಒಂದೂವರೆ. ಮತ್ತೆ ಅದೇ ಜಾಗದಲ್ಲಿ ನಿಂತಿದ್ದೇನೆ, ಅವಳು ಪ್ರಜ್ಞೆ ಇಲ್ಲದೆ ಬಿದ್ದಿದ್ದಾಳೆ, ರೀಡ್ ಎದುರಿಗಿದ್ದಾನೆ. ಕೊಟ್ಟರೆ ಏನಾಗುತ್ತೆ ಅಂತ ನೋಡಿಯಾಗಿದೆ. ಈಗ ಅವಳನ್ನು ಬಿಟ್ಟರೆ ಅವಳಿಗಾಗಿ ಬಿಟ್ಟೆನಾ, ಮಾವನ ಮೇಲಿನ ಸಿಟ್ಟಿಗೆ ಬಿಟ್ಟೆನಾ? ಮಾವ ಒತ್ತದಿದ್ದರೆ ನಾನು ಯಾವುದನ್ನು ಒತ್ತುತ್ತಿದ್ದೆ? ಆಡಿದವರು ಯಾರಾದರೂ ಇದ್ದರೆ ಹೇಳಿ. ನೀವೇನು ಮಾಡಿದಿರಿ ಅಂತ ಅಲ್ಲ. ಒತ್ತೋ ಮುಂಚೆ ನಿಮಗೆ ಗೊತ್ತಿತ್ತಾ?

ಹೊರಗೆ ಹಾಲ್‌ನಲ್ಲಿ ಮಾವ ಮಲಗಿದ್ದಾರೆ. ಬೆಳಿಗ್ಗೆ ಎದ್ದ ತಕ್ಷಣ ಮಾವನ ಕಾಲು ಮುಟ್ಟಿ ತಪ್ಪಾಯ್ತು ಅನ್ನು, ದೊಡ್ಡೋರ ಮೇಲೆ ಕೂಗಾಡಿದೀ ಅಂತ ಅವ್ವ ಹೇಳಿ ಮಲಗಿದ್ದಾಳೆ.

ಅನ್ನಲ್ಲ. ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುತ್ತೇನೆ, ಟಿಕೆಟ್ ದುಡ್ಡೂ ಕೊಡುತ್ತೇನೆ. ತಪ್ಪಾಯ್ತು ಅಂತ ಮಾತ್ರ ಅನ್ನಲ್ಲ.