ಹೊಗೆಗಾಡಿಗೊಂದು ಶಾಲು

ಡೆಂಗಿ ಸಾವು ಇಳಿದಿದೆ, ಸಂತೋಷ. ಇಳಿಸಿದವರು ಯಾರು ಅನ್ನೋದರಲ್ಲಿ ಕಲಬುರಗಿಗೆ ಗೊಂದಲವೇ ಇಲ್ಲ, ಫ್ಲೆಕ್ಸ್ ನೋಡಿದರೆ ಸಾಕು. ನಟ್ಟನಡುವೆ ಸೊಳ್ಳೆ ಕೊಲ್ಲಲು ಹೊಗೆ ಬಿಡುವ ಗಾಡಿ, ಎಡಬಲಕ್ಕೆ ಇಸ್ತ್ರಿ ಮುರಿಯದ ಬಿಳಿ ಅಂಗಿಗಳು. ಸೊಳ್ಳೆ ಮಾತ್ರ ಫೋಟೊಕ್ಕೆ ಸಿಕ್ಕಿಲ್ಲ. ಅದು ಆಗ ಮನೆಯೊಳಗೆ ಮಂಚದ ಕೆಳಗಿತ್ತು.

ಹೊಗೆ ಬಿಡುವುದಕ್ಕೂ ಒಂದು ಹೊತ್ತಿದೆ. ನಸುಕಿನಲ್ಲಿ ಇಲ್ಲವೇ ಹೊತ್ತು ಇಳಿಯುವಾಗ, ಗಾಳಿ ನಿಂತಿರುವಾಗ, ಕಿಟಕಿ ಬಾಗಿಲು ತೆರೆದಿರುವಾಗ. ನಮ್ಮಲ್ಲಿ ಉದ್ಘಾಟನೆ ಹನ್ನೊಂದಕ್ಕೆ. ಅತಿಥಿಗಳು ಬಂದು ಹಾರ ಹಾಕಿಸಿಕೊಳ್ಳುವಷ್ಟರಲ್ಲಿ ಹನ್ನೆರಡೂವರೆ. ಕಾದ ಡಾಂಬರಿನ ಮೇಲೆ ಬಿಟ್ಟ ಹೊಗೆ ನೆಟ್ಟಗೆ ಮುಗಿಲಿಗೇರುತ್ತದೆ. ಗಾಡಿಯ ಸದ್ದು ಕೇಳುತ್ತಲೇ ಓಣಿಯವರೆಲ್ಲ ಡೀಸೆಲ್ ವಾಸನೆಗೆ ಹೆದರಿ ಬಾಗಿಲು ಹಾಕುತ್ತಾರೆ. ಮಂಚದ ಕೆಳಗಿನ ಮಹಾಶಯರಿಗೆ ಝಡ್ ಪ್ಲಸ್ ಭದ್ರತೆ.

1996ರಲ್ಲಿ ದೇಶದಲ್ಲಿ 16,517 ಡೆಂಗಿ ಪ್ರಕರಣ, 545 ಸಾವು. 2010ರಲ್ಲಿ 28,292 ಪ್ರಕರಣ, 110 ಸಾವು. ನೂರು ರೋಗಿಗಳಿಗೆ 3.3 ಇದ್ದ ಸಾವು 0.4ಕ್ಕೆ ಬಂತು, ರೋಗಿಗಳು ಹೆಚ್ಚಾದರೂ. ಅಂದರೆ ಸೊಳ್ಳೆ ಸೋತಿಲ್ಲ, ಸಲೈನ್ ಗೆದ್ದಿದೆ. ಜ್ವರ ಬಿಟ್ಟಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ ಅಪಾಯ ಶುರು ಎಂದು ಗೊತ್ತಿರುವ ನರ್ಸು, ಪ್ಲೇಟ್‌ಲೆಟ್ ಒಂದನ್ನೇ ಜಪಿಸದೆ, ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ಹೇಳುವ ಹೆಮಟೋಕ್ರಿಟ್ ಏರುತ್ತಿದೆಯೇ ಎಂದು ನೋಡಿ ಸಲೈನ್ ಏರಿಳಿಸಿದ ಡಾಕ್ಟರು, ಇವರು ಫ್ಲೆಕ್ಸಿನಲ್ಲಿಲ್ಲ. ಹೆಮಟೋಕ್ರಿಟ್ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲಿಕ್ಕೆ ಬರುವುದಿಲ್ಲ ಬಿಡಿ.

ಕೂಲರಿನ ಮಾತೂ ಆಗಿಬಿಡಲಿ. ಯುಗಾದಿಗೆ ಅಟ್ಟದಿಂದ ಇಳಿದ ಕೂಲರು ಮೊದಲ ಮಳೆಗೆ ಬಂದ್ ಆಗುತ್ತದೆ, ಖಾಲಿ ಆಗುವುದಿಲ್ಲ. ತಳದಲ್ಲಿ ನಾಲ್ಕು ಬೆರಳು ತಿಳಿನೀರು, ಮೇಲೆ ನೆರಳು. ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ಹೆರಿಗೆ ವಾರ್ಡು ಜಿಲ್ಲೆಯಲ್ಲೇ ಇಲ್ಲ. ನೀರು ಚೆಲ್ಲಿದರೂ ಸಾಲದು. ಮೊಟ್ಟೆ ಇರುವುದು ನೀರಿನ ಅಂಚಿನ ಮೇಲೆ, ಗೋಡೆಗೆ ಅಂಟಿ. ನಾರು ಹಿಡಿದು ತಿಕ್ಕಬೇಕು. ಬಿಟ್ಟರೆ ಒಣಗಿಕೊಂಡೇ ತಿಂಗಳುಗಟ್ಟಲೆ ನೀರಿಗೆ ಕಾಯುತ್ತದೆ. ಅಷ್ಟು ತಾಳ್ಮೆ ಇರುವುದು ಅದಕ್ಕೆ, ಮತ್ತು ದಿನದ 24 ಗಂಟೆ ನೀರು ಬರುತ್ತದೆಂದು ಕಾಯುತ್ತಿರುವ ನಮಗೆ.

ಆಶಾ ಕಾರ್ಯಕರ್ತೆ ಬ್ಯಾರಲ್ಲಿನೊಳಗೆ ಟಾರ್ಚ್ ಬಿಟ್ಟು, "ವಾರಕ್ಕೊಮ್ಮೆ ಖಾಲಿ ಮಾಡ್ರಿ ಅಕ್ಕಾರ" ಅಂದರೆ, "ಚೆಲ್ಲಿ ಏನು ಕುಡೀಲಿ ಬಾಯಿ? ನಳ ಬಂದು ಆರು ದಿನ ಆತು" ಎಂಬ ಉತ್ತರ. ಮೊಟ್ಟೆ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ನಳಕ್ಕೂ ಸೊಳ್ಳೆಗೂ ಒಂದೇ ಟೈಮ್‌ಟೇಬಲ್. 2024ರ ನಿಯಮದ ಪ್ರಕಾರ ನಗರದ ಮನೆಯಲ್ಲಿ ಲಾರ್ವಾ ಬೆಳೆಯಲು ಬಿಟ್ಟರೆ 400 ರೂಪಾಯಿ ದಂಡ. ವಾರಗಟ್ಟಲೆ ನಳ ಬಿಡದವರಿಗೆ ಎಷ್ಟು?

ಓಣಿ ಓಣಿ ತಿರುಗಿ ಬ್ಯಾರಲ್ ಬಗ್ಗಿ ನೋಡಿದ ಆಶಾಗಳು 2025ರ ಜನವರಿಯ ಚಳಿಯಲ್ಲಿ, ತಿಂಗಳಿಗೆ 15,000 ಖಚಿತ ಮಾಡಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದರು. ಗಾಡಿಗೆ ಹಾರ, ಅವರಿಗೆ ಬಯಲು. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ನೂರು ಮನೆ ನೋಡಿದರೆ ಎಷ್ಟು ಪಾತ್ರೆಯಲ್ಲಿ ಲಾರ್ವಾ ಸಿಕ್ಕಿತು, ಅದಕ್ಕೆ ಬ್ರೆಟೊ ಸೂಚ್ಯಂಕ ಅನ್ನುತ್ತಾರೆ. ಮುಂದಿನ ಫ್ಲೆಕ್ಸಿನಲ್ಲಿ ಪ್ರತಿ ವಾರ್ಡಿನ ಆ ಅಂಕಿ ಬರೆಸಿ. ಗಾಡಿಯ ಫೋಟೊ ಬೇಕೇ ಬೇಕೆಂದರೆ ಮೂಲೆಯಲ್ಲಿರಲಿ.