ಹೆಣೆದವರಿಗೇ ಟೋಪಿ

ಟೋಪಿ ಹೆಣೆಯುವಾಗ ಮೊದಲ 13 ಸೆಂ.ಮೀ. ಬಲು ಸಂಭಾವಿತ. ಅಂಚು ಮುಗಿಸಿ ಸೀದಾ ಕುಣಿಕೆಯಲ್ಲಿ ಸುತ್ತು ಹೊಡೆಯುತ್ತ ಹೋದರಾಯಿತು. ಟೀವಿ ನೋಡಬಹುದು, ಫೋನಿನಲ್ಲಿ ಹರಟಬಹುದು, ಕೈ ತನ್ನ ಪಾಡಿಗೆ ಓಡುತ್ತಿರುತ್ತದೆ. ಟೋಪಿ ತನ್ನ ಹೆಸರಿಗೆ ತಕ್ಕ ಬುದ್ಧಿ ತೋರಿಸುವುದು ನೆತ್ತಿಗೆ ಬಂದ ಮೇಲೆ. ಅಲ್ಲಿಂದ ಕುಣಿಕೆ ಇಳಿಸುತ್ತ, ಅಂದರೆ ಎರಡನ್ನು ಸೇರಿಸಿ ಒಂದು ಮಾಡುತ್ತ ಹೋಗಬೇಕು, ಹೆಣೆಯುವವರ ಪಿತ್ತ ಏರುತ್ತ ಹೋಗುತ್ತದೆ.

ಲೆಕ್ಕವೇನೋ ಸಣ್ಣದೇ. 10 ಸೆಂ.ಮೀ.ಗೆ ಅಡ್ಡಕ್ಕೆ 20 ಕುಣಿಕೆ, ಎತ್ತರಕ್ಕೆ 28 ಸುತ್ತು ಬರುವ ಉಲ್ಲನ್ ಅಂದುಕೊಳ್ಳಿ. 96 ಕುಣಿಕೆಗೆ 48 ಸೆಂ.ಮೀ. ಸುತ್ತಳತೆ, ಹೆಣಿಗೆ ಹಿಗ್ಗುವುದರಿಂದ 54ರ ತಲೆಗೂ ಕೂರುತ್ತದೆ. ಅದನ್ನು 8 ಪಾಲು ಮಾಡಿದರೆ ಪಾಲಿಗೆ 12. ಮೊದಲ ಇಳಿಕೆಯ ಸುತ್ತಿನಲ್ಲಿ ಹತ್ತು ಸೀದಾ, ಕೊನೆಯ ಎರಡು ಸೇರಿ ಒಂದು. ಉಳಿದದ್ದು 88. ಮುಂದಿನ ಸುತ್ತು ಸಾದಾ, ಏನೂ ಇಳಿಸುವುದಿಲ್ಲ. ಆಮೇಲೆ ಒಂಬತ್ತು ಸೀದಾ, ಎರಡು ಸೇರಿ ಒಂದು. ಹೀಗೆ 8 ಕುಣಿಕೆ ಉಳಿಯುವ ಹೊತ್ತಿಗೆ 11 ಇಳಿಕೆಯ ಸುತ್ತು, ನಡುವೆ 10 ಸಾದಾ ಸುತ್ತು, ಒಟ್ಟು 21. ಅಂದರೆ 7.5 ಸೆಂ.ಮೀ. ಈಗ ನೆತ್ತಿಯನ್ನು ಚಪ್ಪಟೆ ತಟ್ಟೆ ಅಂದುಕೊಂಡು 48 ಸೆಂ.ಮೀ. ಸುತ್ತಳತೆಯ ವೃತ್ತದ ತ್ರಿಜ್ಯ ಹಾಕಿ ನೋಡಿ: 7.6! ಶಾಲೆಯಲ್ಲಿ ಯಾವ ಕೆಲಸಕ್ಕೂ ಬಾರದೆ ಪೀಡಿಸಿದ ಪೈ, ಕೊನೆಗೆ ಟೋಪಿಯೊಳಗೆ ಬಂದು ಕೂತಿದೆ.

ಈ ಹೊಂದಾಣಿಕೆ ತಪ್ಪಿದರೆ ಬಟ್ಟೆ ಮುಲಾಜು ನೋಡುವುದಿಲ್ಲ. ಸಾದಾ ಸುತ್ತು ಯಾಕೆ ಬೇಕು ಅಂತ ಪ್ರತಿ ಸುತ್ತಿನಲ್ಲೂ ಇಳಿಸಿದರೆ ನೆತ್ತಿ 4 ಸೆಂ.ಮೀ.ಗೇ ಮುಗಿದುಹೋಗಿ, ಲಾಡಿ ಎಳೆದ ಚೀಲದ ಬಾಯಿಯ ಹಾಗೆ ನೆರಿಗೆ ಬೀಳುತ್ತದೆ. ನಿಧಾನವೇ ಒಳ್ಳೆಯದೆಂದು ನಾಲ್ಕು ಸುತ್ತಿಗೊಮ್ಮೆ ಇಳಿಸಿದರೆ 41 ಸುತ್ತು, ಹತ್ತಿರ ಹತ್ತಿರ 15 ಸೆಂ.ಮೀ.; ಅದು ಟೋಪಿಯಲ್ಲ, ಗೋಪುರ. ಲೆಕ್ಕ ಸರಿಯಿದ್ದೂ ನೆತ್ತಿಯ ನಟ್ಟನಡುವೆ ಬುಗುರಿಯ ಮೊಳೆಯಂತೆ ಒಂದು ತುದಿ ಎದ್ದು ನಿಲ್ಲುವುದುಂಟು. ಕೊನೆಯ ಮೂರು ಇಳಿಕೆಗಳ ನಡುವೆ ಸಾದಾ ಸುತ್ತು ಬಿಟ್ಟುಬಿಟ್ಟರೆ ಅದು ತೆಪ್ಪಗಾಗುತ್ತದೆ.

ಇಳಿಕೆ ಶುರು ಮಾಡುವ ಮುಂಚೆ ಒಮ್ಮೆ ಎಣಿಸಿ. ಎಣಿಸುವಾಗ ಯಾರಾದರೂ ಮಾತಾಡಿಸುತ್ತಾರೆ, ಅದು ಖಂಡಿತ. ಇನ್ನೊಮ್ಮೆ ಎಣಿಸಿ. 97 ಬಂದರೆ ಎಲ್ಲೋ ನೂಲು ಸುಮ್ಮನೆ ಕಡ್ಡಿಯ ಮೇಲೆ ಹತ್ತಿ ಕುಣಿಕೆಯ ವೇಷ ಹಾಕಿರುತ್ತದೆ. ಒಂದು ಪಾಲಿನಲ್ಲಿ ಎರಡನ್ನು ಸೇರಿಸಿಬಿಡಿ, ಯಾವ ತಲೆಯೂ ದೂರು ಹೇಳದು.

ಎಣಿಕೆಗೂ ಸಿಗದ ಕಳ್ಳ ಬೇರೆಯೇ ಇದ್ದಾನೆ. ಬಿಗಿಯಾಗಿ ಹೆಣೆಯುವವರು ಎರಡು ಕುಣಿಕೆಗೆ ಒಟ್ಟಿಗೆ ಕಡ್ಡಿ ತೂರಿಸುವಾಗ ತುದಿ ಒಂದಕ್ಕೇ ಹೊಕ್ಕು, ಇನ್ನೊಂದು ಸದ್ದಿಲ್ಲದೆ ಕಡ್ಡಿಯಿಂದ ಜಾರುತ್ತದೆ. ಎರಡಿದ್ದದ್ದು ಒಂದಾಯಿತಲ್ಲ, ಲೆಕ್ಕ ಪಕ್ಕಾ! ಐದು ಸುತ್ತಾದ ಮೇಲೆ ನೋಡಿದರೆ ಜಾರಿದ ಕುಣಿಕೆ ಸುತ್ತುಸುತ್ತಾಗಿ ಕಳಚಿ ಕೆಳಗೆ ಏಣಿ ಬಿಚ್ಚಿಕೊಂಡಿರುತ್ತದೆ. ಕ್ರೋಶಾ ಕಡ್ಡಿಯಿಂದ ಒಂದೊಂದೇ ಮೆಟ್ಟಿಲು ಹತ್ತಿಸಿ, ಇಳಿಕೆಯ ಜಾಗಕ್ಕೆ ತಂದು, ಒಳಗಿನಿಂದ ತುಂಡು ನೂಲಲ್ಲಿ ಹೊಲಿದುಬಿಡಬೇಕು. ಇಳಿಕೆಗೆ ಮೊದಲೇ ಎಲ್ಲ ಕುಣಿಕೆಗಳೊಳಗೆ ಬೇರೆ ಬಣ್ಣದ ನುಣುಪು ದಾರ ಹಾಯಿಸಿಟ್ಟರೆ, ನೆತ್ತಿಯನ್ನಿಡೀ ಬಿಚ್ಚಬೇಕಾದಾಗಲೂ ಅದರಾಚೆ ಬಿಚ್ಚುವುದಿಲ್ಲ. ಎರಡು ನಿಮಿಷದ ಈ ಕೆಲಸವನ್ನು ಎಲ್ಲರೂ ಮೆಚ್ಚುತ್ತಾರೆ, ಯಾರೂ ಮಾಡುವುದಿಲ್ಲ.

ಎರಡನ್ನು ಸೀದಾ ಸೇರಿಸಿ ಹೆಣೆದರೆ ಇಳಿಕೆ ಬಲಕ್ಕೆ ವಾಲುತ್ತದೆ. ಎರಡನ್ನೂ ಹೆಣೆಯದೆ, ಸೀದಾ ಹೆಣೆಯುವ ಹಾಗೆ ಕಡ್ಡಿ ತೂರಿಸಿ ಒಂದೊಂದಾಗಿ ಬಲಗಡ್ಡಿಗೆ ದಾಟಿಸಿ, ಎಡಗಡ್ಡಿಯನ್ನು ಮುಂದಿನಿಂದ ತೂರಿಸಿ ಒಟ್ಟಿಗೆ ಹೆಣೆದರೆ ಎಡಕ್ಕೆ. ಎರಡರಲ್ಲಿ ಯಾವುದಾದರೂ ಸರಿ, ಒಂದನ್ನೇ ನಂಬಿಕೊಂಡರೆ ಎಂಟು ಗೆರೆಗಳು ಗಿರಿಗಿಟ್ಲೆಯಂತೆ ಚೆಂದವಾಗಿ ತಿರುಗುತ್ತವೆ. ಮನಸ್ಸು ಬಂದಂತೆ ಬೆರೆಸಿದರೆ ತಲೆಬಾಚದ ಬೈತಲೆ.

ಇಷ್ಟು ಹೊತ್ತು ಹೆಣೆಯುತ್ತಿದ್ದ 40 ಸೆಂ.ಮೀ. ವೃತ್ತಕಡ್ಡಿ (ಬಳುಕುವ ತಂತಿಯಿಂದ ಜೋಡಿಸಿದ ಎರಡು ಕಡ್ಡಿ) 72 ಕುಣಿಕೆಯ ಹೊತ್ತಿಗೆ ಜಗ್ಗಾಡತೊಡಗುತ್ತದೆ, 64ಕ್ಕೆ ಹಟ ಹಿಡಿಯುತ್ತದೆ. ಆಗ ಎರಡೂ ತುದಿ ಚೂಪಾದ ಐದು ಗಿಡ್ಡ ಕಡ್ಡಿಗಳು ಬರಬೇಕು: ನಾಲ್ಕರ ಮೇಲೆ ಎರಡೆರಡು ಪಾಲು, ಐದನೆಯದರಲ್ಲಿ ಹೆಣಿಗೆ. ಕೈಯಲ್ಲಿರುವುದು ಟೋಪಿಯೋ ಮುಳ್ಳುಹಂದಿಯೋ ಎಂಬ ಅನುಮಾನ ಬಂದರೆ ಸರಿಯಾದ ದಾರಿಯಲ್ಲಿದ್ದೀರಿ. ಹೆಣೆಯದ ಕಡ್ಡಿಗಳನ್ನು ಅವುಗಳ ಪಾಡಿಗೆ ತೂಗಾಡಲು ಬಿಡಿ. ಕಡ್ಡಿಯಿಂದ ಕಡ್ಡಿಗೆ ದಾಟುವ ಕಡೆ ಸಡಿಲು ಬಿದ್ದು ಉದ್ದಕ್ಕೂ ಸಂದಿ ಕಾಣುತ್ತದೆ; ಹೊಸ ಕಡ್ಡಿಯ ಎರಡನೇ ಕುಣಿಕೆ ಹೆಣೆದ ಮೇಲೆ ನೂಲನ್ನು ಒಮ್ಮೆ ಬಿಗಿಯಾಗಿ ಎಳೆದುಕೊಳ್ಳಿ. ಮೊದಲನೆಯದರ ನಂತರ ಎಳೆದರೆ ಅದು ಮತ್ತೆ ಸಡಿಲಾಗುತ್ತದೆ.

ಕೊನೆಯ 8 ಉಳಿದಾಗ 20 ಸೆಂ.ಮೀ. ನೂಲು ಬಿಟ್ಟು ಕತ್ತರಿಸಿ, ಮೊಂಡು ಸೂಜಿಗೆ ಪೋಣಿಸಿ, ಎಂಟರೊಳಗೂ ಎರಡು ಸಲ ಹಾಯಿಸಿ. ಆಮೇಲೆ ಕಡ್ಡಿ ತೆಗೆದು ಮೆಲ್ಲಗೆ ಎಳೆಯಿರಿ. ಮುಗಿಯಿತೆಂಬ ಖುಷಿಯಲ್ಲಿ ಜಗ್ಗಿದರೆ ಒಂಟಿ ಎಳೆಯ ಉಲ್ಲನ್ ಟಪ್ಪಂತ ತುಂಡಾಗಿ ಎಂಟೂ ಕುಣಿಕೆ ಬಾಯ್ಬಿಡುತ್ತವೆ. 16 ಇರುವಾಗಲೇ ಎಳೆದು ಮುಚ್ಚುವ ಅವಸರದವರಿಗೆ ನೆತ್ತಿಯಲ್ಲೊಂದು ಗವಾಕ್ಷಿ ಉಳಿಯುತ್ತದೆ.

ಅದಕ್ಕೆ ಉಲ್ಲನ್ ಚೆಂಡಿದೆ. 6 ಸೆಂ.ಮೀ.ಯ ಒಂದು ಚೆಂಡು ಗವಾಕ್ಷಿ, ಬುಗುರಿಮೊಳೆ, ನೆರಿಗೆ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಅದನ್ನು ಹೊಲಿಯಬೇಡಿ, ಅದರ ದಾರಗಳನ್ನು ಒಳಗೆ ಒಂದು ಗುಂಡಿಯ ತೂತುಗಳಲ್ಲಿ ತೂರಿಸಿ ಗಂಟು ಹಾಕಿ, ಒಗೆಯುವಾಗ ಬಿಚ್ಚಬಹುದು. ಒಗೆಯುವ ದಿನ ಮನೆಗೆ ಇನ್ನೊಬ್ಬ ಹೆಣೆಯುವವರು ಬರದಂತೆ ನೋಡಿಕೊಳ್ಳುವುದು ಮಾತ್ರ ನಿಮ್ಮ ಜವಾಬ್ದಾರಿ.