ನೀಲಿ ಕಟ್ಟೆಯ ಮೇಲೆ ಅಪ್ಪೆಹುಳಿ ನಿಷೇಧ

ಶಿರಸಿ ಕಡೆ ಹೊಸ ಮನೆ ನೋಡಲು ಹೋದರೆ ಈಗ ದೇವರ ಕೋಣೆ ಆಮೇಲೆ. ಮೊದಲು ಅಡುಗೆಮನೆ. ಅಲ್ಲೂ ಒಲೆಯಲ್ಲ, ಕಟ್ಟೆಯ ಕಲ್ಲು. ನೀಲಿ, ಹಸಿರು, ರಕ್ತಗೆಂಪು. ಮೊದಲು ಕಲ್ಲು ಆರಿಸಿದರಂತೆ. ಅದಕ್ಕೆ ಹೊಂದುವ ಕಪಾಟು, ಕಪಾಟಿಗೆ ಹೊಂದುವ ಗೋಡೆ, ಗೋಡೆಗೆ ಹೊಂದುವ ಫ್ರಿಜ್ಜು. ಅತ್ತೆಯವರ ಸೀರೆ ಮಾತ್ರ ಇನ್ನೂ ಯಾವುದಕ್ಕೂ ಹೊಂದಿಲ್ಲ.

ನಾನಂತೂ ಹೊಗಳಿಯೇ ಬರುತ್ತೇನೆ. ಊಟ ಇನ್ನೂ ಆಗಿರುವುದಿಲ್ಲವಲ್ಲ! ಈ ನೀಲಿ ಬ್ರೆಜಿಲ್ ದೇಶದ ಬಹಿಯಾದ್ದು ಅಂದರೆ ಓಹೋ ಅನ್ನಬೇಕು. ಆ ಮಿಂಚುವ ನೀಲಿ ನಾರ್ವೆಯ ಲಾರ್ವಿಕ್ ಕಡೆಯದ್ದು ಅಂದರೆ ಇನ್ನೂ ದೊಡ್ಡ ಓಹೋ. ನಮ್ಮ ಇಳಕಲ್ಲಿನ ಕೆಂಪು ಗ್ರಾನೈಟು ಹೊರದೇಶಕ್ಕೆ ಹೋಗುವಷ್ಟು ಚೆಂದದ್ದು. ಆದರೆ ಹತ್ತಿರದ್ದಲ್ವಾ, ಮರ್ಯಾದೆ ಕಡಿಮೆ. ಒಬ್ಬರ ಕಲ್ಲು ಸಮುದ್ರ ದಾಟುವಾಗ ಗಟ್ಟಿಯಾಗೇ ಇತ್ತಂತೆ, ದೇವಿಮನೆ ಘಟ್ಟ ಹತ್ತುವಾಗ ಒಡೆಯಿತಂತೆ. ಕಲ್ಲಿನ ತಪ್ಪೇನೂ ಇಲ್ಲ ಬಿಡಿ.

ಮಾರ್ಬಲ್ ಅಂದರೆ ಸುಣ್ಣದ ಜಾತಿ. ಹುಳಿ ಬಿತ್ತೋ, ಹೊಳಪು ಹೋಗಿ ಮಂಕು ಕಲೆ. ಬಹಿಯಾದ ನೀಲಿಗೆ ಬಣ್ಣ ಕೊಡುವುದು ಸೋಡಲೈಟ್ ಎಂಬ ಖನಿಜ, ಅದಕ್ಕೂ ಹುಳಿ ಆಗಿಬರುವುದಿಲ್ಲ. ಇವನ್ನೆಲ್ಲ ತಂದು ಹಾಕಿದ್ದು ಎಲ್ಲಿ? ಮಾವಿನ ಮಿಡಿಯ ಅಪ್ಪೆಹುಳಿ, ಮುರುಗಲು, ಉಪ್ಪಾಗೆ, ವಾಟೆ, ಲಿಂಬೆ ಅಂತ ಹುಳಿಯಿಲ್ಲದೆ ತುತ್ತು ಇಳಿಯದ ಜಿಲ್ಲೆಯಲ್ಲಿ! ಘಟ್ಟದ ಕೆಳಗೆ ಕಾರವಾರಕ್ಕೆ ಹೋದರೆ ಬಂಗಡೆಗೂ ಹುಳಿ ಬೇಕು. ಯಾಣದ ಭೈರವೇಶ್ವರ ಶಿಖರ 120 ಮೀಟರ್ ಎತ್ತರ, ಅದೂ ಸುಣ್ಣಕಲ್ಲೇ. ಮಳೆ ನೀರಿನ ಚೂರುಪಾರು ಹುಳಿಯೇ ಅದನ್ನು ಹಾಗೆ ಕೊರೆದು ಮೊನೆ ಮಾಡಿದ್ದು. ಅದರ ಮುಂದೆ ನಿಮ್ಮ ಮುಕ್ಕಾಲು ಇಂಚಿನ ಹಲಗೆ ಅಪ್ಪೆಮಿಡಿಗೆ ಎಷ್ಟು ದಿನ ತಡೆಯುತ್ತದೆ?

ಒಂದು ಮನೆಯಲ್ಲಿ ಪಾನಕಕ್ಕೆ ಲಿಂಬೆ ಕೊಯ್ಯುವುದನ್ನು ಕಣ್ಣಾರೆ ನೋಡಿದೆ. ನೀಲಿ ಕಟ್ಟೆಯ ಮೇಲೆ ಹಳೆ ಪೇಪರು. ಅದರ ಮೇಲೆ ಅಡಿಕೆ ಹಾಳೆ. ಹಾಳೆಯ ಮೇಲೆ ಮರದ ಮಣೆ. ಮಣೆಯ ಮೇಲೆ ಲಿಂಬೆ. ಸೊಸೆ ಉಸಿರು ಬಿಗಿಹಿಡಿದು ಚಾಕು ಇಳಿಸಿದರು. ಒಂದು ಹನಿ ಸಿಡಿಯಿತು. ಮೂರು ಜನ ಒರೆಸುವ ಬಟ್ಟೆ ಹಿಡಿದು ಓಡಿ ಬಂದರು.

ಹಾಗಾದರೆ ಅಡುಗೆ ಎಲ್ಲಿ? ಹಿತ್ತಲಲ್ಲಿ. ಶೀಟು ಹೊದೆಸಿದ ಮಾಡು, ಹಳೆ ಮನೆಯಿಂದ ಕಿತ್ತು ತಂದ ಕಪ್ಪು ಗ್ರಾನೈಟಿನ ತುಂಡು, ಎರಡು ಒಲೆ. ಸಾಸಿವೆ ಸಿಡಿಯುವುದು, ಮಜ್ಜಿಗೆ ಮೆಣಸು ಕರಿಯುವುದು, ತೊಡೆದೇವಿನ ಮಡಕೆ ಕವುಚುವುದು ಎಲ್ಲ ಅಲ್ಲೇ. ಅತ್ತೆ ಕಾಯಿ ತುರಿಯುವುದೂ ಅಲ್ಲೇ, ನೆಲಕ್ಕೆ ಕೂತು. ಒಳಗಿನ ಅಡುಗೆಮನೆಯಲ್ಲಿ ಬೇಯುವುದು ಬಂದವರ ಹೊಟ್ಟೆಕಿಚ್ಚು ಮಾತ್ರ. ಬಣ್ಣ ಎದ್ದು ಕಾಣಲಿ ಅಂತ ಕಪಾಟಿನ ಅಡಿಗೆ ಸಾಲು ಲೈಟು ಬೇರೆ. ಆಷಾಢದ ಗಾಳಿಗೆ ಲೈನಿನ ಮೇಲೆ ಮರ ಬಿತ್ತು ಅಂದರೆ ನಮ್ಮಲ್ಲಿ ಕರೆಂಟು ಯಾವಾಗ ಬರುತ್ತದೆ ಗೊತ್ತಲ್ಲ. ಆಗ ಬ್ರೆಜಿಲ್ಲೂ ಕಪ್ಪು, ನಾರ್ವೆಯೂ ಕಪ್ಪು.

ಕುಮಟಾದಲ್ಲಿ ಒಬ್ಬರು ಹಳದಿ ಕಲ್ಲು ಹಾಕಿಸಿದ್ದಾರೆ. ಅರಿಶಿನ ಚೆಲ್ಲಿದರೂ ಕಾಣಬಾರದು ಅಂತ. ಅವರ ಬಗ್ಗೆ ನನಗೆ ನಿಜಕ್ಕೂ ಗೌರವ ಇದೆ.

ಹುಳಿಯ ರಗಳೆಯೇ ಬೇಡ ಅನ್ನುವವರಿಗೆ ಕ್ವಾರ್ಟ್ಜ್ ಇದೆ. ಕಲ್ಲಿನ ಪುಡಿಗೆ ರಾಳ, ಬಣ್ಣ ಬೆರೆಸಿ ಒತ್ತಿದ ಹಲಗೆ. ಗಿಳಿಹಸಿರು ಬೇಕಾದರೂ ಸಿಗುತ್ತದೆ. ಬಿಸಿ ಕುಕ್ಕರ್ ಮಾತ್ರ ನೇರ ಇಡಬಾರದು, ರಾಳ ಸುಡುತ್ತದೆ. ಇದನ್ನು ಆಸ್ಟ್ರೇಲಿಯಾದವರು 2024ರ ಜುಲೈ 1ರಿಂದ ನಿಷೇಧಿಸಿದರು. ಕುಕ್ಕರಿಗಾಗಿ ಅಲ್ಲ. ಕೊಯ್ಯುವಾಗ ಏಳುವ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶ ಸೇರಿ ಸಿಲಿಕೋಸಿಸ್ ತರುತ್ತಿತ್ತು. ಬಂದರೆ ವಾಸಿಯಾಗುವ ಕಾಯಿಲೆ ಅಲ್ಲ ಅದು. ಗ್ರಾನೈಟಿನಲ್ಲೂ ಸಿಲಿಕಾ ಉಂಟು, ಈ ಹಲಗೆಯಲ್ಲಿ ತೀರಾ ಜಾಸ್ತಿ.

ನಮ್ಮಲ್ಲಿ? ಜಗಲಿಯಲ್ಲೇ ಹಲಗೆ ಅಡ್ಡ ಹಾಕಿ ಒಣ ಕಟರ್ ಹಚ್ಚುತ್ತಾರೆ. ನಾನು ನೋಡಿದ ಒಂದು ಮನೆಯಲ್ಲಿ ಕಲ್ಲು ಕೊಯ್ಯುವ ಹುಡುಗನ ಮೂಗಿಗೊಂದು ಟವೆಲ್ಲು. ಕಣ್ಣರೆಪ್ಪೆಯೂ ಬೆಳ್ಳಗಾಗಿತ್ತು. ಮಧ್ಯಾಹ್ನ ಅದೇ ಟವೆಲ್ ಕೊಡವಿ, ಮುಖ ಒರೆಸಿಕೊಂಡು ಊಟಕ್ಕೆ ಕೂತ. ನಾಳೆ ಅವನ ಎದೆ ಕಟ್ಟಿದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕೊಡಿ ಅಂತ ನಾವು ಕೂಗಿ ಕೂಗಿ ಗಂಟಲು ಬಿದ್ದುಹೋದ ಕತೆ ನಿಮಗೆ ಹೇಳುವುದೇನಿದೆ. ಸಾಕಾಗಿದೆ. ಕಲ್ಲಿಗೆ ಲಕ್ಷಗಟ್ಟಲೆ ಸುರಿಯುವವರಿಗೆ ಒಂದು ನೀರಿನ ಪೈಪು, ಒಂದು ಒಳ್ಳೆಯ ಮಾಸ್ಕು ದುಬಾರಿಯಾಗುತ್ತದೆ!

ನೀರು ಬಿಟ್ಟುಕೊಂಡು ಕೊಯ್ಯಿಸಿ, ಧೂಳು ಎಷ್ಟೋ ಅಡಗುತ್ತದೆ ಅಂತ ಯಜಮಾನರಿಗೆ ಹೇಳಿದೆ. ಬೇಡವಂತೆ. ಕೆಸರು ಜಗಲಿಯ ಹೊಸ ಟೈಲ್ಸಿಗೆ ಹತ್ತುತ್ತದಂತೆ.